ತೇರಿನ ಹಗ್ಗ, ಜಗ್ಗಾಟದ ಹಗ್ಗ

ಕಾಫಿ ತೋಟದ ಆಯುಧಪೂಜೆಯನ್ನು ಕಡಿಮೆ ಖರ್ಚಿನಲ್ಲಿ ಎಲ್ಲರ ಹಬ್ಬವಾಗಿಸುವುದು ಹೇಗೆ? ದಸರಾ ರಜೆಯಲ್ಲಿ ಮನೆಗೆ ಬಂದ ಮಕ್ಕಳಿಗೊಂದು ಕೆಲಸ, ದೊಡ್ಡವರಿಗೊಂದು ಸಲಹೆ.

ಆಯುಧಪೂಜೆಯ ದಿನ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಕಾಫಿ ತೋಟಗಳಿಗೆ ಹೋಗಿ ನೋಡಿ. ಜೀಪು, ಪಿಕಪ್, ಟ್ರ್ಯಾಕ್ಟರುಗಳಿಗೆ ಚೆಂಡುಹೂವಿನ ಹಾರ. ಪಲ್ಪರ್ ಯಂತ್ರಕ್ಕೆ ಅರಿಶಿನ, ಕುಂಕುಮ. ತೊಳೆದು ಸಾಲಾಗಿ ಇಟ್ಟ ಕತ್ತಿ, ಗುದ್ದಲಿ, ಕೊಡಲಿಗಳು. ಬೂದುಗುಂಬಳಕಾಯಿ ಒಡೆದು, ಚಕ್ರದಡಿಯ ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸಿದರೆ ಪೂಜೆ ಮುಗಿಯಿತು. ಆಮೇಲೆ ಮಂಡಕ್ಕಿ, ಸಿಹಿ, ಊಟ.

ಊಟವಾದ ಮೇಲೆ? ಸಾಹುಕಾರರ ಮನೆಯವರು ಒಂದು ಕಡೆ. ರೈಟರು, ಡ್ರೈವರುಗಳು ಇನ್ನೊಂದು ಕಡೆ. ಹಳೆಯ ಲೈನು ಮನೆಗಳವರು ಮತ್ತೊಂದು ಕಡೆ. ಈಚಿನ ವರ್ಷಗಳಲ್ಲಿ ಅಸ್ಸಾಂ, ಬಂಗಾಳದ ಕಡೆಯಿಂದ ಕೆಲಸಕ್ಕೆ ಬಂದವರು ಮೊಬೈಲು ಹಿಡಿದುಕೊಂಡು ಎಲ್ಲರಿಂದ ದೂರ. ಹಬ್ಬವೇನೋ ಆಯಿತು, ಜನ ಮಾತ್ರ ಒಟ್ಟುಗೂಡಲಿಲ್ಲ.

ಇದೇ ಬೆಟ್ಟಗಳ ರೆಸಾರ್ಟುಗಳಿಗೆ ಬೆಂಗಳೂರಿನ ಕಂಪನಿಗಳ ನೌಕರರು ಬಸ್ಸುಗಳಲ್ಲಿ ಬಂದಿಳಿಯುತ್ತಾರೆ. ಅವರನ್ನು ಆಡಿಸಿ ಒಂದು ತಂಡವಾಗಿಸಲು ದುಡ್ಡು ಕೊಟ್ಟು ತರಬೇತುದಾರರನ್ನು ಕರೆಸುತ್ತಾರೆ. ಇದಕ್ಕೆ ‘ಟೀಮ್ ಬಿಲ್ಡಿಂಗ್’ ಎಂದು ಹೆಸರು. ಅಲ್ಲಿ ಆಡಿಸುವುದೇನು ಎಂದು ನೋಡಿದರೆ ಹಗ್ಗಜಗ್ಗಾಟ, ಗೋಣಿಚೀಲದ ಓಟ, ಮೂರು ಕಾಲಿನ ಓಟ! ಹಗ್ಗ, ಗೋಣಿ, ವಿಶಾಲವಾದ ಕಣ, ಇವೆಲ್ಲ ತೋಟದಲ್ಲೇ ಇವೆ. ಅಕ್ಟೋಬರಿನಲ್ಲಿ ಕೊಯ್ಲು ಇನ್ನೂ ಶುರುವಾಗದ ಕಾರಣ ಕಣವೂ ಖಾಲಿ. ಬೇಕಾಗಿರುವುದು ಒಂದಿಷ್ಟು ಯೋಜನೆ. ಅದನ್ನು ಹೈಸ್ಕೂಲು, ಕಾಲೇಜಿನ ಮಕ್ಕಳು ಚೆನ್ನಾಗಿಯೇ ಮಾಡಬಲ್ಲರು.

ಆಟದಿಂದ ಏನು ಲಾಭ?

ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವ ಹೊತ್ತಿಗೆ ಫೆಬ್ರವರಿ. ಈ ದಿನಗಳಲ್ಲಿ ತೋಟ ನಡೆಯುವುದು ಸರಪಳಿಯ ಹಾಗೆ. ಹಣ್ಣು ಕೊಯ್ಯುವವರು, ತೂಕ ಬರೆದುಕೊಳ್ಳುವ ರೈಟರು, ಮೂಟೆ ಹೊರುವವರು, ಪಿಕಪ್ ಡ್ರೈವರು, ಪಲ್ಪರ್ ನೋಡಿಕೊಳ್ಳುವವರು, ಒಬ್ಬರ ಹಿಂದೆ ಒಬ್ಬರು. ಪಲ್ಪಿಂಗ್ ಮಾಡುವ ತೋಟಗಳಲ್ಲಿ ಆ ದಿನದ ಹಣ್ಣನ್ನು ಆ ದಿನವೇ ಪಲ್ಪರಿಗೆ ಹಾಕಬೇಕು. ಮೂಟೆಯಲ್ಲೇ ಉಳಿದರೆ ಹಣ್ಣು ಹುದುಗಿ ಕಾಫಿಯ ರುಚಿ ಕೆಡುತ್ತದೆ. ಎಲ್ಲೋ ಒಂದು ಕೊಂಡಿ ಸಡಿಲವಾದರೂ ನಷ್ಟ ಎಲ್ಲರಿಗೂ.

ಆ ಸರಪಳಿಯ ಕೊಂಡಿಗಳು ಬೇರೆಬೇರೆ ಭಾಷೆಯವರು. ಹಿಂದಿನಿಂದಲೂ ಇಲ್ಲಿನ ತೋಟಗಳಿಗೆ ಘಟ್ಟದ ಕೆಳಗಿನಿಂದ ತುಳು ಮಾತಾಡುವವರು, ತಮಿಳುನಾಡಿನವರು, ಬಯಲುಸೀಮೆಯವರು ಬಂದಿದ್ದಾರೆ. ಈಗ ಹಿಂದಿ, ಬಂಗಾಳಿ, ಅಸ್ಸಾಮಿ ಮಾತುಗಳೂ ಕೇಳುತ್ತವೆ. ಹೆಸರೇ ಗೊತ್ತಿಲ್ಲದವನನ್ನು ‘ಏಯ್’ ಎಂದು ಕರೆಯುವುದು ರೂಢಿಯಾಗಿಬಿಡುತ್ತದೆ. ಹಾಗೆ ಕರೆಸಿಕೊಂಡವನು ಮುಂದಿನ ವರ್ಷ ಇದೇ ತೋಟಕ್ಕೆ ಬರಬೇಕೆಂದು ಏನಿದೆ? ಕೆಲಸಕ್ಕೆ ಜನ ಸಿಗುವುದಿಲ್ಲ ಎಂದು ಕೊರಗುವವರು ಇದನ್ನೂ ಸ್ವಲ್ಪ ಯೋಚಿಸಬೇಕು. ತೋಟಗಳಲ್ಲಿ ಮನರಂಜನೆಯ ಸೌಲಭ್ಯ ಇರಬೇಕೆಂಬುದು ಹೊಸ ಮಾತಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲೇ ಅದಕ್ಕೊಂದು ಕಲಮು ಇತ್ತು.

ಹಗ್ಗ ಕಲಿಸಿದ ಪಾಠ

ಹಾಗೆಂದು ಯಾವ ಆಟ ಆಡಿಸಿದರೂ ಜನ ಒಂದಾಗುತ್ತಾರೆಯೇ? ಇಲ್ಲ. ಇದನ್ನು ತೋರಿಸಿಕೊಟ್ಟ ಒಂದು ಪ್ರಯೋಗ ಮನಶ್ಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಪರಿಚಿತ.

1954ರಲ್ಲಿ ಮುಜಾಫರ್ ಶೆರಿಫ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಅಮೆರಿಕದ ಓಕ್ಲಹಾಮಾ ರಾಜ್ಯದ ರಾಬರ್ಸ್ ಕೇವ್ ಎಂಬಲ್ಲಿ ಬೇಸಿಗೆ ಶಿಬಿರ ನಡೆಸಿದರು. ಬಂದವರು ಒಬ್ಬರಿಗೊಬ್ಬರು ಪರಿಚಯವಿಲ್ಲದ 22 ಹುಡುಗರು. ಅವರನ್ನು ಎರಡು ಗುಂಪು ಮಾಡಿ, ಬೇಸ್‌ಬಾಲ್, ಹಗ್ಗಜಗ್ಗಾಟ ಮುಂತಾದ ಪಂದ್ಯಗಳನ್ನು ಏರ್ಪಡಿಸಿ, ಗೆದ್ದ ಗುಂಪಿಗೆ ಮಾತ್ರ ಬಹುಮಾನ ಎಂದು ಸಾರಿದರು. ಕೆಲವೇ ದಿನಗಳಲ್ಲಿ ಒಬ್ಬರ ಬಾವುಟವನ್ನು ಇನ್ನೊಬ್ಬರು ಸುಟ್ಟರು. ಒಬ್ಬರ ಬಿಡಾರಕ್ಕೆ ಇನ್ನೊಬ್ಬರು ನುಗ್ಗಿದರು. ಜಗಳ ತಣ್ಣಗಾಗಲಿ ಎಂದು ಇಬ್ಬರನ್ನೂ ಒಟ್ಟಿಗೆ ಊಟಕ್ಕೆ ಕೂರಿಸಿದರೆ ಊಟವನ್ನೇ ಎರಚಾಡಿದರು.

ಆಮೇಲೆ ಸಂಶೋಧಕರು ಬೇರೆ ಉಪಾಯ ಹೂಡಿದರು. ಶಿಬಿರಕ್ಕೆ ಬರುವ ನೀರು ನಿಂತಿತು, ಎಲ್ಲರೂ ಸೇರಿ ಹುಡುಕಬೇಕಾಯಿತು. ಇನ್ನೊಂದು ದಿನ ಊಟ ತರಬೇಕಾದ ಲಾರಿ ಸ್ಟಾರ್ಟ್ ಆಗಲಿಲ್ಲ. ಹುಡುಗರು ಹಗ್ಗಜಗ್ಗಾಟದ ಹಗ್ಗವನ್ನೇ ತಂದು ಲಾರಿಗೆ ಕಟ್ಟಿ ಎರಡೂ ಗುಂಪಿನವರು ಸೇರಿ ಎಳೆದರು. ಇಂಥ ಕೆಲಸಗಳನ್ನು ಮಾಡುತ್ತಾ ಮಾಡುತ್ತಾ ವೈರ ಕರಗಿತು. ಮಕ್ಕಳಿಗೆ ತಿಳಿಸದೆ ಅವರ ಮೇಲೆ ಪ್ರಯೋಗ ನಡೆಸಿದ್ದು ಸರಿಯೇ ಎಂಬ ಆಕ್ಷೇಪ ಮುಂದೆ ಬಂತು, ಅದು ನ್ಯಾಯವೇ. ಆದರೆ ಪಾಠ ನಮ್ಮ ಊರಿನವರಿಗೆ ಹೊಸದೇನಲ್ಲ. ಜಗ್ಗಾಟದ ಹಗ್ಗಕ್ಕೆ ಎರಡು ಕಡೆ, ತೇರಿನ ಹಗ್ಗಕ್ಕೆ ಒಂದೇ ಕಡೆ.

ಒಂದು ಎಲೆ, ಒಂದು ತಂಡ

ಆದ್ದರಿಂದ ಮೊದಲ ನಿಯಮ: ಲೈನಿನವರು ಮತ್ತು ಆಫೀಸಿನವರು, ಕನ್ನಡದವರು ಮತ್ತು ಹಿಂದಿಯವರು ಎಂದು ತಂಡ ಕಟ್ಟಲೇಬೇಡಿ. ಹಲಸು, ಅತ್ತಿ, ಸಿಲ್ವರ್, ಕಾಫಿ ಈ ನಾಲ್ಕು ಗಿಡಗಳ ಎಲೆಗಳನ್ನು ಜನರ ಲೆಕ್ಕಕ್ಕೆ ಸಮನಾಗಿ ಒಂದು ಬುಟ್ಟಿಯಲ್ಲಿ ಹಾಕಿ ಬಟ್ಟೆ ಮುಚ್ಚಿ. ಪ್ರತಿಯೊಬ್ಬರೂ ಕೈಹಾಕಿ ಒಂದೊಂದು ಎಲೆ ತೆಗೆಯಲಿ. ಬಂದ ಎಲೆಯೇ ತಂಡದ ಹೆಸರು. ಓದು ಬರಹ ಬೇಡ, ಭಾಷೆ ಬೇಡ, ಖರ್ಚಂತೂ ಇಲ್ಲವೇ ಇಲ್ಲ. ಸಾಹುಕಾರರೂ ಎಲೆ ತೆಗೆಯಬೇಕು. ಎರಡು ಆಟಕ್ಕೊಮ್ಮೆ ಬುಟ್ಟಿಯನ್ನು ಮತ್ತೆ ತಿರುಗಿಸಿದರೆ ಯಾವ ತಂಡವೂ ಪಕ್ಷವಾಗಿ ಗಟ್ಟಿಯಾಗುವುದಿಲ್ಲ.

ಎರಡನೆಯ ನಿಯಮ ಅಡುಗೆಯದು. ಬೆಳಗಿನಿಂದ ಒಲೆಯ ಮುಂದಿರುವ ಹೆಂಗಸರಿಗೆ ಆಟದ ಗದ್ದಲ ಕಿವಿಗೆ ಮಾತ್ರ ಬೀಳುತ್ತದೆ. ಒಂದೊಂದು ಎಲೆಯ ತಂಡ ಸರದಿಯಂತೆ ಒಂದು ಗಂಟೆ ಅಡುಗೆಗೆ ನಿಲ್ಲಲಿ. ಗಂಡಸರು ತರಕಾರಿ ಹೆಚ್ಚಲಿ, ತೆಂಗಿನಕಾಯಿ ತುರಿಯಲಿ. ಎಲ್ಲರಿಗೂ ಬೇಕಾದ ಕೆಲಸವನ್ನು ಎಲ್ಲರೂ ಮಾಡುವುದು ಅಂದರೆ ಇದೇ.

ಮೂರನೆಯದು, ಬಲವಂತ ಬೇಡ. ವಯಸ್ಸಾದವರು, ಬಸುರಿಯರು, ಮೈ ಸರಿಯಿಲ್ಲದವರು ತೀರ್ಪುಗಾರರಾಗಲಿ. ಮದ್ಯ ಹತ್ತಿರ ಸುಳಿಯದಂತೆ ಆಟಗಳೆಲ್ಲ ಊಟಕ್ಕೆ ಮೊದಲೇ ಮುಗಿಯಲಿ.

ಆಡಿಸಬಹುದಾದ ಆಟಗಳು

ದೊನ್ನೆಯ ನೀರು: ತಂಡದವರು ಸಾಲಾಗಿ ನಿಲ್ಲುತ್ತಾರೆ. ಮೊದಲಿನವರು ಬಕೆಟ್ಟಿನಿಂದ ದೊನ್ನೆಯಲ್ಲಿ ನೀರು ತೆಗೆದು ಪಕ್ಕದವರ ದೊನ್ನೆಗೆ ಸುರಿಯಬೇಕು, ಅವರು ಮುಂದಿನವರಿಗೆ. ಕೊನೆಯವರ ಕೊಡ ಮೊದಲು ತುಂಬಿದ ತಂಡ ಗೆದ್ದಂತೆ. ಒಬ್ಬರು ಆತುರಪಟ್ಟರೆ ನೀರೆಲ್ಲ ನೆಲದ ಪಾಲು. ಕೊಯ್ಲಿನ ಸರಪಳಿಯೂ ಹೀಗೆಯೇ ಅಲ್ಲವೇ? ಉಳಿದ ನೀರು ನರ್ಸರಿಯ ಸಸಿಗಳಿಗೆ.

ಮೂಗಿನ ಪರೀಕ್ಷೆ: ಕಾಳುಮೆಣಸು, ಏಲಕ್ಕಿ, ಕಾಫಿ ಪುಡಿ, ಶುಂಠಿ, ಅರಿಶಿನ, ಕಿತ್ತಳೆ ಸಿಪ್ಪೆಗಳನ್ನು ಪೊಟ್ಟಣ ಕಟ್ಟಿಡಿ. ಕಣ್ಣು ಕಟ್ಟಿಸಿಕೊಂಡವರು ವಾಸನೆಯಿಂದಲೇ ಹೇಳಬೇಕು. ಓಡಲಾಗದ ಅಜ್ಜಿಯರೂ ಗೆಲ್ಲಬಹುದಾದ ಆಟ ಇದು.

ಒಂದು ವಸ್ತು, ಹಲವು ಬಾಯಿ: ಒಂದು ಹಿಡಿ ಅಕ್ಕಿ ತೋರಿಸಿ. ತಂಡ ಅದರ ಹೆಸರನ್ನು ಎಷ್ಟು ಭಾಷೆಯಲ್ಲಿ ಹೇಳುತ್ತದೋ ಅಷ್ಟು ಅಂಕ. ತುಳುವಿನಲ್ಲಿ ಅರಿ, ತಮಿಳಿನಲ್ಲಿ ಅರಿಸಿ, ಹಿಂದಿಯಲ್ಲಿ ಚಾವಲ್, ಬಂಗಾಳಿಯಲ್ಲಿ ಚಾಲ್. ಉಪ್ಪು ತೋರಿಸಿದರೆ ಕನ್ನಡ, ತುಳು, ತಮಿಳಿನವರು ಮೂವರೂ ಒಂದೇ ಮಾತು ಹೇಳಿ ನಗುತ್ತಾರೆ, ಹಿಂದಿಯವರು ನಮಕ್ ಎನ್ನುತ್ತಾರೆ. ದೂರದಿಂದ ಬಂದವನೇ ಈ ಆಟದಲ್ಲಿ ತಂಡಕ್ಕೆ ಬೇಕಾದವನು. ಹೆಸರು ಕೇಳಿ ತಿಳಿದುಕೊಂಡು ಅವನನ್ನು ಕೂಗಿ ಕರೆಯುತ್ತಾರೆ. ಭಾಷಾ ವಿಷಯ ಓದುವ ಮಕ್ಕಳಿಗೆ ಪದಗಳ ನಂಟಸ್ತಿಕೆಯೂ ತಿಳಿಯುತ್ತದೆ.

ಮೂರು ಕಾಲಿನ ಓಟ, ಗೋಣಿಚೀಲದ ಓಟ: ಜೋಡಿಯನ್ನು ಚೀಟಿ ಎತ್ತಿ ಆರಿಸಿ. ಕಾಲು ಕಟ್ಟಲು ಹಳೆಯ ಪಂಚೆ ಸೀಳಿದರೆ ಸಾಕು. ಇವೆರಡನ್ನು ಸಿಮೆಂಟು ಕಣದ ಮೇಲೆ ಮಾತ್ರ ಆಡಿಸಬೇಡಿ, ಬಿದ್ದರೆ ಮಂಡಿ ಒಡೆಯುತ್ತದೆ. ಹುಲ್ಲಿರುವ ಜಾಗ ನೋಡಿ. ಮಳೆ ಬಂದರೆ ಉಳಿದ ಆಟಗಳು ಗೋಡೌನಿನಲ್ಲಿ ನಡೆಯಲಿ.

ಹಗ್ಗಜಗ್ಗಾಟ: ಇದನ್ನು ಬಿಡುವುದುಂಟೇ? ಆದರೆ ಇದರಲ್ಲೊಂದು ಸ್ವಾರಸ್ಯವಿದೆ. ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಇಂಜಿನಿಯರ್ 1913ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಎಂಟು ಜನ ಒಟ್ಟಿಗೆ ಬಲ ಹಾಕಿದಾಗ ಒಬ್ಬೊಬ್ಬರ ಪಾಲಿನ ಬಲ, ಒಂಟಿಯಾಗಿ ಹಾಕಿದ್ದರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಲ್ಲರೂ ಒಂದೇ ಗಳಿಗೆಯಲ್ಲಿ ಎಳೆಯದಿರುವುದು ಒಂದು ಕಾರಣ, ‘ಉಳಿದವರು ಎಳೆಯುತ್ತಾರಲ್ಲ’ ಎಂಬ ಸೋಮಾರಿತನ ಇನ್ನೊಂದು. ಮೊದಲನೆಯದಕ್ಕೆ ಮದ್ದು ನಮ್ಮ ಹಿರಿಯರಿಗೇ ಗೊತ್ತಿತ್ತು. ಮರದ ದಿಮ್ಮಿ ಎಳೆಯುವಾಗ ಹಾಕುವ ‘ಐಸಾ’ ಕೂಗು ಸುಮ್ಮನೆ ಹುಟ್ಟಿದ್ದಲ್ಲ. ಪ್ರತಿ ತಂಡಕ್ಕೂ ಕೂಗುವವರೊಬ್ಬರಿರಲಿ.

ಎಚ್ಚರಿಕೆಯೂ ಇರಲಿ. 1997ರಲ್ಲಿ ತೈವಾನಿನ ತೈಪೆಯಲ್ಲಿ ನೂರಾರು ಜನ ಎಳೆಯುತ್ತಿದ್ದ ಹಗ್ಗ ತುಂಡಾಗಿ ಇಬ್ಬರ ತೋಳು ಕತ್ತರಿಸಿಹೋಯಿತು. ತೆಳು ನೈಲಾನ್ ಹಗ್ಗ ಬೇಡವೇ ಬೇಡ. ದಪ್ಪನೆಯ ಹಗ್ಗ ಬೇಕು, ಒಂದು ಕಡೆಗೆ ಎಂಟೇ ಜನ ಸಾಕು, ಹಗ್ಗವನ್ನು ಕೈಗೋ ಸೊಂಟಕ್ಕೋ ಸುತ್ತಿಕೊಳ್ಳಬಾರದು.

ಮಕ್ಕಳ ಸಮಿತಿ

ಇದನ್ನೆಲ್ಲ ನಡೆಸುವವರು ಯಾರು? ಸಾಹುಕಾರರ ಮಗಳು ಮಂಗಳೂರಿನ ಹಾಸ್ಟೆಲಿನಿಂದ ರಜೆಗೆ ಬಂದಿರುತ್ತಾಳೆ. ಲೈನು ಮನೆಯ ಹುಡುಗ ಊರಿನ ಸರ್ಕಾರಿ ಶಾಲೆಯವನು. ರೈಟರ ಮಗ ಮೂಡಿಗೆರೆಯಲ್ಲೋ ಕಳಸದಲ್ಲೋ ಕಾಲೇಜಿಗೆ ಹೋಗುತ್ತಾನೆ. ಒಂದೇ ತೋಟದಲ್ಲಿ ಬೆಳೆಯುವ ಈ ಮೂವರು ಕೂತು ಮಾತಾಡುವ ಸಂದರ್ಭ ವರ್ಷದಲ್ಲಿ ಎಷ್ಟು ಸಲ ಬರುತ್ತದೆ? ಐದಾರು ಮಕ್ಕಳ ಸಮಿತಿ ಮಾಡಿ, ಹಬ್ಬಕ್ಕೆ ನಾಲ್ಕು ದಿನ ಮುಂಚೆ ಕೆಲಸ ಹಂಚಿ. ಒಬ್ಬರು ಜನರ ಪಟ್ಟಿ ಬರೆಯಲಿ, ಪ್ರತಿಯೊಬ್ಬರ ಹೆಸರನ್ನೂ ಅವರ ಬಾಯಿಂದಲೇ ಕೇಳಿ. ಒಬ್ಬರು ಸಾಮಾನು ನೋಡಿಕೊಳ್ಳಲಿ, ಒಬ್ಬರು ಪ್ರಥಮ ಚಿಕಿತ್ಸೆಯ ಡಬ್ಬಿ, ಒಬ್ಬರು ಲೆಕ್ಕ.

ತಂದೆತಾಯಂದಿರೇ, ಓದು ಹಾಳಾಗುತ್ತದೆ ಎಂದು ಅಂಜಬೇಡಿ. ಲೆಕ್ಕ ಬರೆಯುವುದು, ಹತ್ತು ಜನರನ್ನು ಒಪ್ಪಿಸುವುದು, ಸಿಟ್ಟಾದವರನ್ನು ಸಮಾಧಾನ ಮಾಡುವುದು, ಇವು ಮುಂದೆ ಯಾವ ಕೆಲಸಕ್ಕೆ ಹೋದರೂ ಬೇಕಾಗುವ ವಿದ್ಯೆಗಳು.

ಖರ್ಚಿನ ಪಟ್ಟಿ ಚಿಕ್ಕದು. ದಪ್ಪ ಹಗ್ಗವನ್ನು ಹತ್ತಿರದ ಶಾಲೆಯಿಂದ ಕೇಳಿ ತನ್ನಿ, ಮರುದಿನ ಹಿಂದಿರುಗಿಸಿ. ಗೋಣಿ ಗೋಡೌನಿನದು, ಎಲೆ ತೋಟದ್ದು, ಪೊಟ್ಟಣದ ಸಾಮಾನು ಅಡುಗೆಮನೆಯದು. ದುಡ್ಡು ಕೊಡಬೇಕಾದದ್ದು ದೊನ್ನೆಗೆ, ಪಾನಕದ ಬೆಲ್ಲ ನಿಂಬೆಹಣ್ಣಿಗೆ, ಒಂದಿಷ್ಟು ಬಾಳೆಹಣ್ಣಿಗೆ. ಇದಕ್ಕಾಗಿ ಕೂಲಿಯವರಿಂದ ವಂತಿಗೆ ಎತ್ತುವುದು ಸಲ್ಲ, ಬಟವಾಡೆಯಲ್ಲಿ ಹಿಡಿದುಕೊಳ್ಳುವುದಂತೂ ಕೂಡದು. ಬಹುಮಾನವೂ ಬೇಡ. ಬದಲಿಗೆ, ಹೆಚ್ಚು ಅಂಕ ಪಡೆದವರಿಗೆ ಊಟ ಬಡಿಸುವ ಗೌರವ ಎಂದು ಸಾರಿ. ಗೆದ್ದವರು ಸೊಂಟಕ್ಕೆ ಟವೆಲು ಕಟ್ಟಿ ಸೋತವರ ಎಲೆಗೆ ಪಾಯಸ ಬಡಿಸಿದರೆ ಸೋಲು ಯಾರಿಗೂ ಕಹಿಯಾಗುವುದಿಲ್ಲ.

ತೋಟವಿಲ್ಲದವರೂ ಹೀಗೆ ಮಾಡಬಹುದು. ಸಹಕಾರ ಸಂಘದ ಕಚೇರಿ, ಶಾಲೆ, ಹೋಂಸ್ಟೇ, ಗ್ಯಾರೇಜು, ಎಲ್ಲೆಲ್ಲಿ ಆಯುಧಪೂಜೆ ನಡೆಯುತ್ತದೋ ಅಲ್ಲೆಲ್ಲ ಎಲೆಯ ಬುಟ್ಟಿ ತಿರುಗಬಹುದು.

ಕೊನೆಯ ಆಟಕ್ಕೆ ಎದುರಾಳಿ ಇಲ್ಲ. ಹೂವಿನ ಹಾರ ಹಾಕಿದ ಪಿಕಪ್ಪನ್ನು ಸಮತಟ್ಟಾದ ಕಣಕ್ಕೆ ತನ್ನಿ. ಇಂಜಿನ್ ಚಾಲೂ ಇದ್ದು ಗೇರು ನ್ಯೂಟ್ರಲ್‌ನಲ್ಲಿರಲಿ, ಡ್ರೈವರು ಬ್ರೇಕಿನ ಮೇಲೆ ಕಾಲಿಟ್ಟು ಕೂತಿರಲಿ. ಜಗ್ಗಾಟಕ್ಕೆ ಬಳಸಿದ ಹಗ್ಗವನ್ನೇ ಮುಂದೆ ಕಟ್ಟಿ, ಹಲಸು, ಅತ್ತಿ, ಸಿಲ್ವರ್, ಕಾಫಿ ಎಲ್ಲ ತಂಡದ ದೊಡ್ಡವರೂ ಸೇರಿ ಊರ ತೇರಿನಂತೆ ನಿಧಾನವಾಗಿ ಎಳೆಯಲಿ. ಮಕ್ಕಳು ಗಾಡಿಯ ಹಾದಿಗೆ ಬಾರದೆ ದೂರದ ಬದಿಯಲ್ಲಿ ನಿಂತು ‘ಐಸಾ’ ಕೂಗಲಿ. ಆ ಕೂಗಿಗೆ ಯಾವ ಭಾಷೆಯವರಿಗೂ ಅರ್ಥ ಹೇಳಬೇಕಾಗಿಲ್ಲ.