ಹಳೆ ಕಂಪ್ಯೂಟರ್, ಹೊಸ ಪರದೆ: ನಡುವೆ ಒಬ್ಬ ದುಭಾಷಿ

ನಮ್ಮ ಸಿಂಧನೂರು ಭಾಗದ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ದಲಾಲಿ ಅಂಗಡಿಗಳ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಹಳೆ ಕಂಪ್ಯೂಟರ್ ಒಂದು ಕೂತಿರುವುದನ್ನು ನೀವೂ ನೋಡಿರಬಹುದು. ಕೇಳಿದರೆ "ಅದು ಕೆಟ್ಟು ಭಾಳ ವರ್ಷ ಆತು" ಅನ್ನುತ್ತಾರೆ. ಎಷ್ಟೋ ಸಲ ಕೆಟ್ಟಿರುವುದು ಕಂಪ್ಯೂಟರ್ ಅಲ್ಲ, ಅದರ ಮುಂದಿದ್ದ ದಪ್ಪ ಡಬ್ಬಿಯಂಥ ಮಾನಿಟರ್. ಹಾಗಾದರೆ ಹೊಸ ಮಾನಿಟರ್ ತಂದು ಜೋಡಿಸಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ಆದರೆ ಹೊಸ ಮಾನಿಟರಿನ ಹಿಂದೆ ಹಳೆ ವೈರಿಗೆ ಜಾಗವೇ ಇರುವುದಿಲ್ಲ. ಜಾಗ ಇದ್ದರೂ ಕೆಲವೊಮ್ಮೆ ಚಿತ್ರ ಬರುವುದಿಲ್ಲ. ಯಾಕೆ ಹೀಗೆ, ಏನು ಮಾಡಬೇಕು ಎಂಬುದನ್ನು ಇಲ್ಲಿ ತಿಳಿಸಲು ಪ್ರಯತ್ನಿಸಿದ್ದೇನೆ.

ವಾಣಿಜ್ಯ ವಿಭಾಗದವಳಾದ ನನಗೆ ಈ ವಿಷಯ ಬೇಕಾದದ್ದು ಲೆಕ್ಕಕ್ಕಾಗಿಯೇ. ನನ್ನ ಮಾಮು ಮತ್ತು ಅವರ ಗೆಳೆಯರಾದ ಒಬ್ಬ ಗೌಡರು ಸೇರಿ ಸಿಂಧನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ನಡೆಸುತ್ತಿದ್ದಾರೆ. ವಯಸ್ಸಾಯಿತೆಂದು ಗೌಡರು ಈ ವರ್ಷ ಪಾಲುದಾರಿಕೆ ಬಿಡಲು ಬಯಸಿದರು. ದ್ವಿತೀಯ ಪಿಯುಸಿಯಲ್ಲಿ ನಾವು ಓದುವ "ಪಾಲುದಾರನ ನಿವೃತ್ತಿ" ಅಧ್ಯಾಯ ಇದೇ ಅಲ್ಲವೇ? ಹೊರಗೆ ಹೋಗುವವರಿಗೆ ಎಷ್ಟು ಕೊಡಬೇಕು ಎಂದು ತಿಳಿಯಲು ಅವರ ಬಂಡವಾಳ ಖಾತೆ ಬೇಕು. 2006ರಿಂದ 2012ರವರೆಗಿನ ಬಂಡವಾಳ, ಡ್ರಾಯಿಂಗ್ಸ್ ಎಲ್ಲವೂ ಅಂಗಡಿಯ ಹಳೆ ಕಂಪ್ಯೂಟರಿನ ಟ್ಯಾಲಿಯಲ್ಲಿತ್ತು. ಮಾನಿಟರ್ ಸುಟ್ಟ ಮೇಲೆ ಲೆಕ್ಕ ಕೆಂಪು ಪುಸ್ತಕಕ್ಕೆ ಬಂದಿತ್ತು. ಅದರಲ್ಲಿ ಇದ್ದದ್ದು ಒಟ್ಟು ಮೊತ್ತ ಮಾತ್ರ, ವಿವರ ಇರಲಿಲ್ಲ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇತ್ತು. ಆದರೂ ಗೌಡರ ಮಕ್ಕಳಿಗೂ ಮಾಮುವಿನ ಮಕ್ಕಳಿಗೂ ನಾಳೆ ಮಾತು ಬರಬಾರದು, ಬಾಯಿಲೆಕ್ಕ ಬೇಡ ಎಂಬುದು ಇಬ್ಬರ ಅಭಿಪ್ರಾಯವಾಗಿತ್ತು.

ಟ್ಯಾಲಿ ನಮ್ಮ ರಾಜ್ಯದ್ದೇ ಎಂಬುದು ಹೆಮ್ಮೆಯ ಸಂಗತಿ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಬೆಂಗಳೂರಿನಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆ ಕಂಪನಿಯನ್ನು ಆರಂಭಿಸಿದರು. ಟ್ಯಾಲಿಯ ಲೆಕ್ಕ ಹಾರ್ಡ್ ಡಿಸ್ಕಿನಲ್ಲಿ ಇರುತ್ತದೆ, ಮಾನಿಟರಿನಲ್ಲಿ ಅಲ್ಲ. ಪರದೆ ಸತ್ತರೆ ಲೆಕ್ಕ ಸಾಯುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಮೊದಲು ಕಂಪ್ಯೂಟರ್ ಬದುಕಿದೆಯೇ ಎಂದು ತಿಳಿಯಬೇಕು. ಇದಕ್ಕೆ ಪರದೆ ಬೇಕಾಗಿಲ್ಲ. ಕೀಬೋರ್ಡ್ ಜೋಡಿಸಿ, ಆನ್ ಮಾಡಿ, ಒಂದೆರಡು ನಿಮಿಷ ಬಿಟ್ಟು ನಮ್ ಲಾಕ್ ಕೀ ಒತ್ತಿ ನೋಡಿ. ಒತ್ತಿದಂತೆ ಸಣ್ಣ ದೀಪ ಹತ್ತಿ ಆರಿದರೆ ಒಳಗೆ ಕೆಲಸ ನಡೆಯುತ್ತಿದೆ ಎಂದರ್ಥ. ಹಲವು ವರ್ಷ ಸುಮ್ಮನಿದ್ದ ಕಂಪ್ಯೂಟರಿನ ಒಳಗಿನ ನಾಣ್ಯದಂಥ 3 ವೋಲ್ಟ್ ಬ್ಯಾಟರಿ ಖಾಲಿಯಾಗಿರುತ್ತದೆ. ಆದ್ದರಿಂದ ದಿನಾಂಕ ತಪ್ಪಾಗಿ, ಎಫ್1 ಒತ್ತು ಎಂದು ಅದು ಕಾಯುತ್ತಾ ನಿಲ್ಲಬಹುದು. ಸಿಆರ್2032 ಎಂದು ಕೇಳಿದರೆ ಗಡಿಯಾರದ ಅಂಗಡಿಯಲ್ಲೂ ಹೊಸದು ಸಿಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹಳೆ ಕಂಪ್ಯೂಟರಿನ ಹಿಂದೆ ಮೂರು ಸಾಲಿನಲ್ಲಿ 15 ರಂಧ್ರ ಇರುವ, ಬಹಳ ಸಲ ನೀಲಿ ಬಣ್ಣದ ಕಿಂಡಿಗೆ ವಿಜಿಎ ಎನ್ನುತ್ತಾರೆ. ಐಬಿಎಂ ಕಂಪನಿ ಇದನ್ನು 1987ರಲ್ಲಿ ತಂದಿತು. ಇದರಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ತಂತಿ. ಪ್ರತಿ ತಂತಿಯಲ್ಲಿ ಸೊನ್ನೆಯಿಂದ 0.7 ವೋಲ್ಟ್‌ವರೆಗೆ ವಿದ್ಯುತ್ ಏರಿಳಿಯುತ್ತದೆ. ಏರಿದಷ್ಟೂ ಆ ಬಣ್ಣ ಹೊಳೆಯುತ್ತದೆ, ಸೊನ್ನೆಗೆ ಇಳಿದರೆ ಕಪ್ಪು. ಇನ್ನೆರಡು ತಂತಿಗಳು ಸಮಯ ಹೇಳುತ್ತವೆ. ಒಂದು "ಸಾಲು ಮುಗಿಯಿತು" ಎನ್ನುತ್ತದೆ, ಇನ್ನೊಂದು "ಪುಟ ಮುಗಿಯಿತು, ಮೇಲಿನಿಂದ ಶುರು ಮಾಡು" ಎನ್ನುತ್ತದೆ. ಇದನ್ನು ಅನಲಾಗ್ ಎನ್ನುತ್ತಾರೆ. ಹೊಸ ಮಾನಿಟರ್ ಮತ್ತು ಟಿವಿಗಳಲ್ಲಿ ಇರುವುದು ಎಚ್‌ಡಿಎಂಐ. ಅದು 2002ರ ಡಿಸೆಂಬರ್‌ನಲ್ಲಿ ಬಂದದ್ದು. ಅದರಲ್ಲಿ ಬಣ್ಣಗಳು ಸೊನ್ನೆ ಮತ್ತು ಒಂದು ಎಂಬ ಅಂಕಿಗಳಾಗಿ ಹೋಗುತ್ತವೆ. ಇದು ಡಿಜಿಟಲ್.

ನಮ್ಮ ಮನೆಯ ಮಾತು ಉರ್ದು. ದಾದಿಗೆ ಉರ್ದು ಬಿಟ್ಟು ಬೇರೆ ಬರುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕನ್ನಡ. ದಾದಿಯನ್ನು ಕೌಂಟರಿನ ಎದುರು ಕುರ್ಚಿ ಹಾಕಿ ಕೂರಿಸಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ನಡುವೆ ಒಬ್ಬರು ನಿಂತು, ಕೇಳಿ, ಅರ್ಥ ಮಾಡಿಕೊಂಡು, ಇನ್ನೊಂದು ಭಾಷೆಯಲ್ಲಿ ಹೇಳಬೇಕು. ಇಲ್ಲೂ ಹಾಗೆಯೇ. ಒಂದು ತುದಿಗೆ ವಿಜಿಎ, ಇನ್ನೊಂದು ತುದಿಗೆ ಎಚ್‌ಡಿಎಂಐ ಇರುವ ಬರಿಯ ವೈರ್ ಕುರ್ಚಿಯಿದ್ದಂತೆ. ಬೇಕಾದದ್ದು ಒಳಗೆ ಚಿಪ್ ಇರುವ ಕನ್ವರ್ಟರ್, ಅಂದರೆ ದುಭಾಷಿ.

ಕೊಳ್ಳುವಾಗ ಎರಡು ವಿಷಯ ನೆನಪಿಡಿ. ಮೊದಲನೆಯದು ದಿಕ್ಕು. "ವಿಜಿಎಯಿಂದ ಎಚ್‌ಡಿಎಂಐಗೆ" ಮತ್ತು "ಎಚ್‌ಡಿಎಂಐಯಿಂದ ವಿಜಿಎಗೆ" ಎಂಬ ಎರಡು ಬೇರೆ ಬೇರೆ ಸಾಧನಗಳಿವೆ. ನೋಡಲು ಅಣ್ಣತಮ್ಮಂದಿರಂತೆ ಇರುತ್ತವೆ, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ನಮಗೆ ಬೇಕಾದದ್ದು ಮೊದಲನೆಯದು. ಎರಡನೆಯದು ಕರೆಂಟ್. ಚಿಪ್ ಕೆಲಸ ಮಾಡಲು ವಿದ್ಯುತ್ ಬೇಕು, ಆದ್ದರಿಂದ ಇಂಥ ಕನ್ವರ್ಟರಿಗೆ ಸಾಮಾನ್ಯವಾಗಿ ಒಂದು ಸಣ್ಣ ಯುಎಸ್‌ಬಿ ವೈರ್ ಇರುತ್ತದೆ. ಅದನ್ನು ಮೊಬೈಲ್ ಚಾರ್ಜರಿಗೆ ಹಾಕಬಹುದು. ಇನ್ನೊಂದು ಸುಲಭ ದಾರಿಯೂ ಇದೆ. ವಿಜಿಎ ಕಿಂಡಿ ಇರುವ ಎಲ್‌ಸಿಡಿ ಮಾನಿಟರ್ ಯಾರ ಬಳಿಯಾದರೂ ಇದ್ದರೆ ಕೇಳಿ ತನ್ನಿ. ಅದರ ಒಳಗೇ ದುಭಾಷಿ ಇದ್ದಾನೆ.

ಭಾಷೆ ಸರಿಹೋದರೂ ಇನ್ನೊಂದು ತೊಡಕು ಉಳಿಯುತ್ತದೆ. ಅದು ವೇಗ. ಪರದೆಯ ಚಿತ್ರವನ್ನು ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಬರೆಯುತ್ತಾರೆ ಎಂಬುದನ್ನು ಹರ್ಟ್ಜ್‌ನಲ್ಲಿ ಹೇಳುತ್ತಾರೆ. ಹಳೆ ಗಾಜಿನ ಮಾನಿಟರ್ 60 ಹರ್ಟ್ಜ್‌ನಲ್ಲಿ ಕಣ್ಣಿಗೆ ಮಿಣುಕುತ್ತಿತ್ತು. ಅದಕ್ಕೇ ಹಲವರು 75 ಅಥವಾ 85 ಹರ್ಟ್ಜ್ ಇಟ್ಟುಕೊಂಡಿದ್ದರು. ಹೊಸ ಪರದೆಗಳಲ್ಲಿ ಬಹಳಷ್ಟು 60 ಹರ್ಟ್ಜ್‌ಗೆ ಹೊಂದಿಕೊಂಡವು. ಹಾಗಾಗಿ ಮೊದಲು ಅಕ್ಷರಗಳು ಕಂಡು, ವಿಂಡೋಸ್ ಶುರುವಾದ ಕೂಡಲೇ ಪರದೆ ಕಪ್ಪಾಗಿ "ಔಟ್ ಆಫ್ ರೇಂಜ್" ಎಂದು ಬರುತ್ತದೆ. ಇದು ಕೆಟ್ಟ ಲಕ್ಷಣವಲ್ಲ. "ನೀನು ಹೇಳುವ ವೇಗ ನನಗೆ ಹಿಡಿಯದು" ಎಂದು ಪರದೆ ಹೇಳುತ್ತಿದೆ. ವಿಂಡೋಸ್ ಎಕ್ಸ್‌ಪಿ ಇದ್ದರೆ, ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಎಫ್8 ಕೀಯನ್ನು ಮತ್ತೆ ಮತ್ತೆ ಒತ್ತಿ. ಬರುವ ಪಟ್ಟಿಯಲ್ಲಿ "ಎನೇಬಲ್ ವಿಜಿಎ ಮೋಡ್" ಆರಿಸಿ. ಚಿತ್ರ ದೊಡ್ಡದಾಗಿ, ಒರಟಾಗಿ ಬರುತ್ತದೆ, ಆದರೆ ಬರುತ್ತದೆ. ನಂತರ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ಮಾನಿಟರ್ ಎಂಬಲ್ಲಿಗೆ ಹೋಗಿ 60 ಹರ್ಟ್ಜ್ ಮಾಡಿ.

ಚಿತ್ರ ಬಂದ ಮೇಲೆ ಅಕ್ಷರಗಳು ಅಗಲಕ್ಕೆ ಎಳೆದಂತೆ ಕಂಡರೆ ಗಾಬರಿ ಬೇಡ. ಹಳೆ ಪರದೆಯ ಅಗಲ ಮತ್ತು ಎತ್ತರದ ಪ್ರಮಾಣ 4:3, ಹೊಸದರದು 16:9. ಮಾನಿಟರಿನ ಮೆನುವಿನಲ್ಲಿ 4:3 ಆರಿಸಿದರೆ ಎರಡೂ ಬದಿ ಕಪ್ಪು ಪಟ್ಟಿ ಬಂದು ಅಕ್ಷರ ಸರಿಯಾಗುತ್ತದೆ. ವಿಜಿಎ ಕಿಂಡಿಗೇ ನೇರ ಜೋಡಿಸಿದಾಗ ಅಂಚು ಅಲುಗಿದರೆ ಅಥವಾ ಚಿತ್ರ ಪಕ್ಕಕ್ಕೆ ಸರಿದರೆ "ಆಟೋ" ಗುಂಡಿ ಒತ್ತಿ.

ವಿಜಿಎಗಿಂತಲೂ ಹಳೆಯ ಕಂಪ್ಯೂಟರುಗಳ ಕಥೆ ಸ್ವಲ್ಪ ಬೇರೆ. 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗಾಗಿ ಕ್ಲಾಸ್ ಎಂಬ ಯೋಜನೆ ತಂದಾಗ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ಕೊಟ್ಟಿತ್ತು. ಅದು ಸೆಕೆಂಡಿಗೆ 15,625 ಸಾಲು ಬರೆಯುತ್ತದೆ. ವಿಜಿಎ ಬರೆಯುವುದು ಸುಮಾರು 31,500, ಅಂದರೆ ಎರಡು ಪಟ್ಟು. ಅಷ್ಟು ನಿಧಾನದ ಸಾಲುಗಳನ್ನು ಇಂದಿನ ಹೆಚ್ಚಿನ ಮಾನಿಟರ್‌ಗಳು ಒಪ್ಪುವುದಿಲ್ಲ. ಆದರೆ ನಮ್ಮ ದೇಶದ ಹಳೆ ಟಿವಿಗಳ ವೇಗವೂ 15,625 ಸಾಲೇ. ಆದ್ದರಿಂದ ಬಿಬಿಸಿ ಮೈಕ್ರೋದ ಚಿತ್ರವನ್ನು ಟಿವಿಯಲ್ಲಿ ಸುಲಭವಾಗಿ ನೋಡಬಹುದಿತ್ತು. ಹಳೆಯದಕ್ಕೆ ಕೆಲವೊಮ್ಮೆ ಹೊಸ ಮಾನಿಟರಿಗಿಂತ ಟಿವಿಯೇ ಹತ್ತಿರದ ಸಂಬಂಧಿ.

ಅಂಗಡಿಯ ಕಂಪ್ಯೂಟರಿನಲ್ಲಿ ರೈತರಿಗೆ ನುಡಿಯಲ್ಲಿ ಟೈಪ್ ಮಾಡಿದ ಬಾಕಿ ಪತ್ರಗಳೂ ಇದ್ದವು. ನುಡಿ ಎಂದರೆ ಕನ್ನಡ ಗಣಕ ಪರಿಷತ್ತು ತಯಾರಿಸಿದ ತಂತ್ರಾಂಶ. ಆ ಪತ್ರಗಳನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಹಳೆ ನುಡಿ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುವುದೇ ಕಾರಣ. ಅದೇ ಫಾಂಟ್ ಹಾಕಿದರೆ ಅಥವಾ ಯೂನಿಕೋಡಿಗೆ ಬದಲಿಸಿದರೆ ಕನ್ನಡ ಮರಳಿ ಬರುತ್ತದೆ. ಇಲ್ಲೂ ಬೇಕಾದದ್ದು ದುಭಾಷಿಯೇ.

ಟ್ಯಾಲಿ ತೆರೆದಾಗ ಏಳು ವರ್ಷದ ಖಾತೆಗಳು ಇದ್ದಂತೆಯೇ ಇದ್ದವು. ಇಬ್ಬರ ಬಂಡವಾಳ ಖಾತೆಯನ್ನೂ ಪ್ರಿಂಟ್ ತೆಗೆದೆವು. ಗೌಡರು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿದರು. ತಾವು ಮಗಳ ಮದುವೆಗೆ ತೆಗೆದಿದ್ದ ಒಂದು ಮೊತ್ತವನ್ನು ಬೆರಳಿಟ್ಟು ತೋರಿಸಿ, "ಇದು ನಂಗ ಮರತಽ ಹೋಗಿತ್ತು, ಕಳೀರಿ" ಎಂದರು. ಮಾಮು ಅವರಿಗೆ ಬರಬೇಕಾಗಿದ್ದ ಹಳೆ ಬಡ್ಡಿಯನ್ನು ತಾವೇ ಹುಡುಕಿ ಸೇರಿಸಿದರು.

ಕೊನೆಗೆ ಮೂರು ಎಚ್ಚರಿಕೆ. ಒಂದು, ಪರದೆ ಬಂದ ತಕ್ಷಣ ಮೊದಲು ಡೇಟಾ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಆಮೇಲೆ ಉಳಿದದ್ದು. ಹಳೆ ಹಾರ್ಡ್ ಡಿಸ್ಕ್ ಮತ್ತೊಮ್ಮೆ ಏಳುತ್ತದೆ ಎಂಬ ಖಾತ್ರಿ ಇಲ್ಲ. ಎರಡು, ಹಳೆ ಗಾಜಿನ ಮಾನಿಟರನ್ನು ಬಿಚ್ಚಬೇಡಿ. ಆಫ್ ಮಾಡಿದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಮೂರು, ಅದನ್ನು ಹೊಲದ ಬದುವಿನಲ್ಲೋ ಕಾಲುವೆ ದಂಡೆಯಲ್ಲೋ ಒಡೆದು ಎಸೆಯಬೇಡಿ. ಅದರ ಗಾಜಿನಲ್ಲಿ ಸೀಸ ಇರುತ್ತದೆ. ಇ-ತ್ಯಾಜ್ಯ ಪಡೆಯಲು ಅನುಮತಿ ಇರುವವರಿಗೇ ಕೊಡಿ.

ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಇಂಥದ್ದೊಂದು ಕಂಪ್ಯೂಟರ್ ಇದ್ದರೆ, ಗುಜರಿಯವರನ್ನು ಕರೆಯುವ ಮೊದಲು ಒಮ್ಮೆ ನಮ್ ಲಾಕ್ ಒತ್ತಿ ನೋಡಿ.

— ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಗೊರೇಬಾಳ