ಕಾಗುಣಿತದಿಂದ ಹುಟ್ಟುವ ಕಂಠ

ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ದಾವಣಗೆರೆ. ಕಂಪನಿ ನಾಟಕದ ನಟನಿಗೆ ರೂಪದಷ್ಟೇ ಕಂಠವೂ ಬೇಕಿತ್ತು. ಹಾರ್ಮೋನಿಯಂ ಮಾಸ್ತರರು ಶ್ರುತಿ ಹಿಡಿದರೆ ಹಾಡಲೇಬೇಕು. ಇವತ್ತು ಇದೇ ಊರಿನಲ್ಲೋ ಪಕ್ಕದ ಹರಿಹರದಲ್ಲೋ ಮನೆಯಲ್ಲೇ ಕೂತು ಹಾಡು ಕಟ್ಟುವವರಿಗೆ ತಬಲ, ಕೊಳಲು, ಪಿಟೀಲು ಎಲ್ಲವೂ ಲ್ಯಾಪ್‌ಟಾಪಿನಲ್ಲೇ ಸಿಗುತ್ತವೆ. ಕನ್ನಡ ಹಾಡುವ ಗಂಟಲು ಮಾತ್ರ ಅಷ್ಟು ಸುಲಭವಾಗಿ ಸಿಗದು.

ಜಪಾನಿನಲ್ಲಿ ಅಲ್ಲಿನ ಭಾಷೆ ಹಾಡುವ ಗಂಟಲು ಕಂಪ್ಯೂಟರಿನಲ್ಲೇ ಸಿಕ್ಕು ಎರಡು ದಶಕವಾಯಿತು. ಕಂಪ್ಯೂಟರ್ ಹಾಡಿದ್ದು ಅದಕ್ಕೂ ಹಿಂದೆ, 1961ರಲ್ಲಿ: ಅಮೆರಿಕದ ಬೆಲ್ ಲ್ಯಾಬ್ಸ್ ತಂಡ ಐಬಿಎಂ 704 ಯಂತ್ರದಿಂದ ‘ಡೈಸಿ ಬೆಲ್’ ಹಾಡಿಸಿತು. ಮನೆ ಕಂಪ್ಯೂಟರಿನಲ್ಲಿ ಆ ವಿದ್ಯೆಯನ್ನು ಜನಪ್ರಿಯಗೊಳಿಸಿದ್ದು 2004ರಲ್ಲಿ ಬಂದ ಯಮಹಾ ಕಂಪನಿಯ ವೊಕಲಾಯ್ಡ್ ತಂತ್ರಾಂಶ. 2007ರ ಆಗಸ್ಟ್ 31ರಂದು ಸಪ್ಪೊರೊದ ಕ್ರಿಪ್ಟನ್ ಸಂಸ್ಥೆ, ನಟಿ ಸಾಕಿ ಫುಜಿತಾ ಅವರ ಧ್ವನಿಯಿಂದ ‘ಹತ್ಸುನೆ ಮಿಕು’ ಎಂಬ ವೊಕಲಾಯ್ಡ್ ಕಂಠವನ್ನು ಹೊರತಂದಿತು. ಗಾಯಕರನ್ನು ಕರೆಸಲು ಕಾಸಿಲ್ಲದ ತರುಣರು ಅದನ್ನು ಎತ್ತಿಕೊಂಡರು. ‘ಹಚಿ’ ಎಂಬ ಹೆಸರಲ್ಲಿ ಹೀಗೆ ಹಾಡು ಮಾಡುತ್ತಿದ್ದ ಕೆನ್ಶಿ ಯೊನೆಜು ಇಂದು ಜಪಾನಿನ ಅತಿ ಜನಪ್ರಿಯ ಗಾಯಕರಲ್ಲೊಬ್ಬರು.

ಕೆಲಸದ ಬಗೆ ಸರಳ. ಪರದೆಯ ಎಡಕ್ಕೆ ಪಿಯಾನೊ ಮನೆಗಳು. ಯಾವ ಸ್ವರ, ಎಷ್ಟು ಹೊತ್ತು ಎಂದು ಪಟ್ಟಿ ಎಳೆದು ಅದರ ಮೇಲೆ ಅಕ್ಷರ ಬರೆಯಬೇಕು. ಮೊದಲೇ ಧ್ವನಿಮುದ್ರಿಸಿದ ತುಣುಕುಗಳನ್ನು ಹೆಣೆದು ತಂತ್ರಾಂಶ ಹಾಡುತ್ತದೆ. 2008ರಲ್ಲಿ ಬಂದ ಉತಾವು (UTAU) ಎಂಬ ಉಚಿತ ತಂತ್ರಾಂಶದಲ್ಲಂತೂ ಯಾರು ಬೇಕಾದರೂ ತಮ್ಮದೇ ಧ್ವನಿಯ ಕಣಜ ಮಾಡಿಕೊಳ್ಳಬಹುದು: ಒಂದೊಂದೇ ಅಕ್ಷರವನ್ನು ಒಂದೇ ಶ್ರುತಿಯಲ್ಲಿ ಹಾಡಿಟ್ಟರಾಯಿತು.

ಇಲ್ಲೇ ನಮಗೆ ನಂಟು. ಜಪಾನಿನ ಕಾನಾ ಲಿಪಿಯಲ್ಲಿ ಹೆಚ್ಚಾಗಿ ಒಂದು ಗುರುತು ಎಂದರೆ ವ್ಯಂಜನ, ಸ್ವರ ಸೇರಿದ ಒಂದು ಉಲಿ; ನಮ್ಮ ಕಾಗುಣಿತದ ಹಾಗೆಯೇ. ಅವರ ಅಕ್ಷರಮಾಲೆಯ ಕ್ರಮವೂ ಬೌದ್ಧ ಪಂಡಿತರ ಸಂಸ್ಕೃತಾಭ್ಯಾಸದ ಪ್ರಭಾವದಿಂದ ಮೂಡಿದ್ದು. ಕನ್ನಡಕ್ಕೆ ಲೆಕ್ಕ ಹಾಕೋಣ. ಅಕ್ಷರವನ್ನು ಹಿಗ್ಗಿಸುವ ಕೆಲಸ ತಂತ್ರಾಂಶದ್ದಾದ್ದರಿಂದ ‘ಕಿ’ಗೂ ‘ಕೀ’ಗೂ ಒಂದೇ ತುಣುಕು ಸಾಕು. ‘ಕ’, ‘ಕಾ’ ಮಾತ್ರ ಬೇರೆ ಬೇರೆ. ಬಾಯಿ ತೆರೆಯುವ ಬಗೆಯೇ ಬೇರೆ. 34 ವ್ಯಂಜನಕ್ಕೆ ಅ, ಆ, ಇ, ಉ, ಎ, ಒ ಎಂದು ಆರರಂತೆ 204 ತುಣುಕು. ಒಂದೆರಡು ದಿನದ ಹಾಡಿಕೆ.

ಕಷ್ಟವಿರುವುದು ಒತ್ತಕ್ಷರದಲ್ಲಿ. ‘ಅಕ್ಕ’ ಎನ್ನಲು ನಡುವೆ ಕ್ಷಣಕಾಲ ಉಸಿರು ತಡೆದರೆ ನಡೆದೀತು; ‘ಸ್ತ್ರೀ’, ‘ಚಂದ್ರ’ ಎನ್ನಲು ಬೇರೆಯೇ ತುಣುಕು ಬೇಕು. ಗಮಕ ಇನ್ನೂ ಕಠಿಣ. ಸ್ವರದಿಂದ ಸ್ವರಕ್ಕೆ ಜಾರುವ ಪ್ರತಿ ಓಲಾಟವನ್ನು ಕೈಯಾರೆ ಗೆರೆ ಎಳೆದು ತೋರಿಸಬೇಕು, ಅದಕ್ಕೆ ಸಂಗೀತ ಬಲ್ಲ ಕಿವಿಯೇ ಬೇಕು.

ವೊಕಲಾಯ್ಡ್‌ನಲ್ಲಿ ಜಪಾನಿ, ಇಂಗ್ಲಿಷ್, ಸ್ಪ್ಯಾನಿಷ್, ಚೀನಿ, ಕೊರಿಯನ್ ಇವೆ, ಕನ್ನಡವಿಲ್ಲ. ಯಮಹಾ ಕೊಡುವ ತನಕ ಕಾಯಬೇಕಿಲ್ಲ, ನಮ್ಮದೇ ಧ್ವನಿಯ ಕಣಜ ಕಟ್ಟಬಹುದು. 1951ರ ಯುಬಿಡಿಟಿ, 1979ರ ಬಾಪೂಜಿ ಇಂಜಿನಿಯರಿಂಗ್ ಕಾಲೇಜುಗಳಿರುವ ದಾವಣಗೆರೆಯಲ್ಲಿ ಹುಡುಗರಿಗೆ ಕೊರತೆಯಿಲ್ಲ, ಹಾಡುವವರಿಗೂ ಇಲ್ಲ. ಒಬ್ಬ ಗಾಯಕಿ, ಇಬ್ಬರು ವಿದ್ಯಾರ್ಥಿಗಳು, ಸದ್ದಿಲ್ಲದ ಒಂದು ಕೋಣೆ ಇದ್ದರೆ ಸಾಕು. ಹಾಡಿದವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದು, ಅವರ ಹೆಸರು ಹಾಕಿ, ಆ ಕಣಜವನ್ನು ಎಲ್ಲರ ಬಳಕೆಗೆ ಬಿಟ್ಟುಕೊಡಿ.