ಸಾಮಾನ್ಯ ಸಿಪಾಯಿಯ ಹೆಸರಿನ ಶೋಧ: ಹೈದರಾಬಾದ್ ಸಂಸ್ಥಾನದ ಸಂದರ್ಭ

ಮನೆಯ ಹಳೆಯ ಪೆಟ್ಟಿಗೆಯಲ್ಲೊಂದು ಬೆಳ್ಳಿಯ ಪದಕ. 'ಮುತ್ತಜ್ಜ ನಿಜಾಮರ ಫೌಜಿನಲ್ಲಿದ್ದು ಲಡಾಯಿಗೆ ಹೋಗಿದ್ದರು' ಎಂಬ ಒಂದು ಮಾತು. ಮೊದಲನೆಯ ಮಹಾಯುದ್ಧದಲ್ಲಿ ದುಡಿದ ಪೂರ್ವಜರನ್ನು ಅರಸುವವರಿಗೆ ಅನೇಕ ವೇಳೆ ದೊರೆಯುವ ಆಕರ ಇಷ್ಟೇ. ಬೀದರ, ಗುಲ್ಬರ್ಗಾ (ಇಂದಿನ ಕಲಬುರಗಿ), ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದಿಗೆ ಸೇರಿದ್ದುದರಿಂದ ಈ ಶೋಧ ಕನ್ನಡ ಮನೆತನಗಳಿಗೂ ಸಂಬಂಧಿಸಿದೆ. ಹೊರನಾಡಿನ ಸಂಶೋಧಕರ ಅನುಕೂಲಕ್ಕಾಗಿ ಅದರ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಮೊದಲು 'ಫೌಜು' ಎಂಬ ಮಾತನ್ನು ಬಿಡಿಸಿ ನೋಡಬೇಕು. ಹೈದರಾಬಾದಿನಲ್ಲಿ ನಿಜಾಮರ ಸ್ವಂತ ಸೇನೆಯಿತ್ತು. ಸಾಮ್ರಾಜ್ಯದ ಸೇವೆಗೆಂದು ಸಜ್ಜುಗೊಳಿಸಿದ ಲ್ಯಾನ್ಸರ್ಸ್ ಅಶ್ವದಳವಿತ್ತು. ಇವೆರಡಕ್ಕೂ ಭಿನ್ನವಾಗಿ ನಿಜಾಮರ ಹಣದಿಂದ, ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ನಡೆಯುತ್ತಿದ್ದ ಹೈದರಾಬಾದ್ ಕಂಟಿಂಜೆಂಟ್ ಇತ್ತು. ಈ ಮೂರನೆಯದು 1903ರಲ್ಲಿ ಭಾರತೀಯ ಸೇನೆಯಲ್ಲಿ ಲೀನವಾಯಿತು. ಅದರ ಕಾಲಾಳು ದಳಗಳು ಮುಂದೆ 19ನೆಯ ಹೈದರಾಬಾದ್ ರೆಜಿಮೆಂಟಾಗಿ, 1945ರಲ್ಲಿ ಕುಮಾವ್ ರೆಜಿಮೆಂಟ್ ಎಂಬ ಹೆಸರನ್ನು ಪಡೆದವು. ಈ ದಳಗಳಿಗೆ ಉತ್ತರ ಭಾರತದ ಜಾಟರು, ಅಹೀರರು, ಕುಮಾವಿಗಳು ಬಹುವಾಗಿ ಸೇರುತ್ತಿದ್ದರು. ಆದಕಾರಣ ದಳದ ಹೆಸರಿನಲ್ಲಿ 'ಹೈದರಾಬಾದ್' ಇದ್ದಮಾತ್ರಕ್ಕೆ ಸಿಪಾಯಿಯ ಹುಟ್ಟೂರು ನಿರ್ಣಯವಾಗುವುದಿಲ್ಲ.

ದಳವನ್ನು ತಿಳಿಯಲು ಪದಕವೇ ಮುಖ್ಯ ಸಾಧನ. ಬ್ರಿಟಿಷ್ ಯುದ್ಧ ಪದಕದ ಅಂಚಿನಲ್ಲಿ ಸಿಪಾಯಿಯ ಕ್ರಮಸಂಖ್ಯೆ, ದರ್ಜೆ, ಹೆಸರು, ದಳ ಇವು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಲ್ಪಟ್ಟಿವೆ. ಕೂಲಿದಳ ಮೊದಲಾದ ಅನುಚರರಿಗೆ ಇದೇ ಪದಕವನ್ನು ಕಂಚಿನಲ್ಲಿ ನೀಡಲಾಯಿತು. ಲೋಹವೂ ಒಂದು ದಾಖಲೆಯೇ ಸರಿ. ಬೆಳ್ಳಿಯ ಬೆಲೆಗೆ ಪದಕವನ್ನು ಕರಗಿಸಿದ ಮನೆಯಲ್ಲಿ ಈ ಎಳೆ ಕಡಿದುಹೋಗುತ್ತದೆ.

ದಳ ತಿಳಿದ ಮೇಲೆ ಲಂಡನ್ನಿನ ಪತ್ರಾಗಾರಗಳಲ್ಲಿರುವ ಯುದ್ಧ ದಿನಚರಿಗಳನ್ನು ನೋಡಬಹುದು. ಅವುಗಳಲ್ಲಿ ಅಧಿಕಾರಿಗಳ ಹೆಸರುಗಳು ಬರುತ್ತವೆ. ಸಿಪಾಯಿಗಳು ಸಾಮಾನ್ಯವಾಗಿ ಸಂಖ್ಯೆಗಳಾಗಿಯೇ ಉಳಿಯುತ್ತಾರೆ. ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಮೈಸೂರು, ಜೋಧಪುರ, ಹೈದರಾಬಾದ್ ಲ್ಯಾನ್ಸರ್ಸ್ ದಳಗಳು ಒಂದೇ ಬ್ರಿಗೇಡಿನಲ್ಲಿದ್ದವು. ದೆಹಲಿಯ ತೀನ್ ಮೂರ್ತಿ ಸ್ಮಾರಕ ಮೂವರನ್ನೂ ಸ್ಮರಿಸುತ್ತದೆ. ಆದರೆ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಕುದುರೆಯೇರಿ ನುಗ್ಗಿದವರು ಜೋಧಪುರ ಮತ್ತು ಮೈಸೂರಿನ ಸವಾರರು. ಹೈದರಾಬಾದಿನ ಸವಾರನ ವಂಶಸ್ಥರು ಹೈಫಾದ ಕೀರ್ತಿಯನ್ನು ಆತನಿಗೆ ಆರೋಪಿಸುವುದು ಅಭಿಮಾನವಾದೀತೇ ಹೊರತು ಇತಿಹಾಸವಾಗದು. ಆ ಸವಾರನೂ ಅದೇ ಸಮರರಂಗದಲ್ಲಿ ವರ್ಷಗಟ್ಟಲೆ ದುಡಿದನೆಂಬ ನಿಜವೇ ಸಾಕಷ್ಟು ದೊಡ್ಡದು.

ಮಡಿದವರ ವಿಷಯದಲ್ಲಿ ಸ್ಮಾರಕಗಳು ನೆರವಾಗುತ್ತವೆ. ಫ್ರಾನ್ಸಿನ ನವ್ ಶಾಪೆಲ್ ಸ್ಮಾರಕದಲ್ಲಿ 4,700ಕ್ಕೂ ಮಿಕ್ಕಿದ ಭಾರತೀಯ ಯೋಧರ ಹೆಸರುಗಳಿವೆ. ಇರಾಕಿನ ಬಸ್ರಾ ಸ್ಮಾರಕದ ಫಲಕಗಳಲ್ಲಾದರೋ ಭಾರತೀಯ ಸಾಮಾನ್ಯ ಸಿಪಾಯಿಗಳನ್ನು ಹೆಸರಿಸದೆ, ದಳವಾರು ಸಂಖ್ಯೆಯನ್ನಷ್ಟೇ ಕೊರೆಯಲಾಯಿತು. ಯುದ್ಧಸಮಾಧಿಗಳ ಆಯೋಗವು ಇಂತಹ ತಾರತಮ್ಯವನ್ನು ಒಪ್ಪಿಕೊಂಡು ಕ್ಷಮೆ ಕೋರಿದುದು 2021ರಲ್ಲಿ.

ಕನ್ನಡ ಶಾಸನಗಳ ಪರಿಚಯವುಳ್ಳವರಿಗೆ ಈ ಕೊರತೆ ಹೆಚ್ಚು ತೀವ್ರವಾಗಿ ತಟ್ಟುವುದು ಸಹಜ. ತುರುಗೋಳಿನಲ್ಲಿ ಬಿದ್ದ ಸಾಮಾನ್ಯ ಆಳಿನ ಹೆಸರನ್ನೂ ನಮ್ಮ ವೀರಗಲ್ಲುಗಳು ಕಾಪಾಡಿಕೊಂಡು ಬಂದಿವೆ. ಸಾವಿರ ವರ್ಷಗಳ ಹಿಂದೆ ಹಳ್ಳಿಯ ಕಲ್ಕುಟಿಗನು ಸಲ್ಲಿಸಿದ ಮರ್ಯಾದೆಯನ್ನು ಇಪ್ಪತ್ತನೆಯ ಶತಮಾನದ ಸಾಮ್ರಾಜ್ಯ ಬಸ್ರಾದಲ್ಲಿ ಸಲ್ಲಿಸಲಿಲ್ಲ. ಆದುದರಿಂದ ಸಂಶೋಧಕರಲ್ಲಿ ನಮ್ಮ ಕೋರಿಕೆ ಇಷ್ಟು: ಪದಕ ಕಂಡಲ್ಲಿ ಮೊದಲು ಅದರ ಅಂಚನ್ನು ಓದಿ ಬರೆದಿಟ್ಟುಕೊಳ್ಳಬೇಕು, ಮನೆಮಂದಿ ಉಚ್ಚರಿಸುವ ಹೆಸರನ್ನು ಅದರ ಪಕ್ಕದಲ್ಲಿಯೇ ಕನ್ನಡದಲ್ಲಿ ಗುರುತಿಸಬೇಕು. ಎಷ್ಟೋ ಸಿಪಾಯಿಗಳಿಗೆ ಆ ಅಂಚೇ ಉಳಿದಿರುವ ಏಕೈಕ ಶಾಸನ.